ಕೆಲಸ ಹೋದದ್ದು ಅವರದು, ಸಾಲ ಇರುವುದು ನನ್ನ ಹೆಸರಿನಲ್ಲಿ

ಮನೆಗೆ ಬರುವ ಎರಡು ಪಗಾರಗಳಲ್ಲಿ ಒಂದು ನಿಂತುಹೋದರೂ ಕಟ್ಟಬೇಕಾದ ಕಂತಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದು ಹಾಗೆಯೇ ಇರಬೇಕೆ ಎಂದು ಕೇಳುವವರು ಮಾತ್ರ ಕಡಿಮೆ. ವಸೂಲಿಗೆ ಬಂದವರು ಆಡಿದ ಮಾತು, ಬಾಗಿಲಿಗೆ ಹಚ್ಚಿದ ನೋಟಿಸು, ಊರು ಬಿಟ್ಟುಹೋದ ಕುಟುಂಬಗಳು, ಇವೆಲ್ಲ ಪತ್ರಿಕೆಗಳಲ್ಲಿ ಸಾಕಷ್ಟು ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಕಿರುಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ನಡೆಯುವ ಬಲವಂತವನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿ, ತಪ್ಪಿತಸ್ಥರಿಗೆ 10 ವರ್ಷದವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ಎಂದು ಸಾರಿತು. ಅದು ಬೇಕಾಗಿದ್ದ ಕಾನೂನೇ. ಆದರೆ ಅದು ಕೇಳುವ ರೀತಿಯನ್ನು ತಿದ್ದುತ್ತದೆ, ಕೇಳುವ ಮೊತ್ತವನ್ನಲ್ಲ. ಎಷ್ಟೇ ಸೌಜನ್ಯದಿಂದ ಕೇಳಿದರೂ, ಇಲ್ಲದ ಹಣವನ್ನು ಎಲ್ಲಿಂದ ತರಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ನಮ್ಮ ಮನೆಯ ಲೆಕ್ಕವನ್ನೇ ಮುಂದಿಡುತ್ತೇನೆ, ಏಕೆಂದರೆ ಮರ್ಯಾದೆಯ ಹೆಸರಿನಲ್ಲಿ ಈ ಲೆಕ್ಕಗಳನ್ನು ಮುಚ್ಚಿಟ್ಟುಕೊಳ್ಳುವುದರಿಂದಲೇ ಅರ್ಧ ಹಾನಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ನಾನು ಕಲಬುರಗಿಯ ಒಂದು ಅನುದಾನರಹಿತ ಶಾಲೆಯಲ್ಲಿ ಶಿಕ್ಷಕಿ, ತಿಂಗಳಿಗೆ 11,000 ರೂಪಾಯಿ ಪಗಾರ. ನಮ್ಮ ಮನೆಯವರು ಕಪನೂರ ಕಡೆಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು, ಅವರಿಗೆ 14,000 ಬರುತ್ತಿತ್ತು. ಮಿಲ್ಲು ಬಾಗಿಲು ಹಾಕಿತು. ತೊಗರಿಯ ಕಣಜ ಎಂದು ಹೆಸರಾದ, ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕ ಊರಿನಲ್ಲಿ ಮುಚ್ಚಿದ ದಾಲ್ ಮಿಲ್ಲು ಅದೊಂದೇ ಅಲ್ಲ. ಅದರ ಕಾರಣಗಳನ್ನು ಹೇಳಲು ಹೊರಟರೆ ಅದೇ ಇನ್ನೊಂದು ಬರಹವಾಗುತ್ತದೆ.

ಕೆಲಸ ಹೋದಾಗ ಇದ್ದ ಸಾಲಗಳು ಇವು. ಓಣಿಯ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಜಾಮೀನು ನಿಂತು ಪಡೆಯುವ ಕಿರುಸಾಲ, ಅಂದರೆ ಗುಂಪಿನ ಸಾಲ ಎರಡು, ಎರಡೂ ನನ್ನ ಹೆಸರಿನಲ್ಲಿ, ತಿಂಗಳಿಗೆ 3,900 ಮತ್ತು 3,200. ಅವರ ಬೈಕಿನ ಸಾಲ 2,900. ಅತ್ತೆಯವರ ಶಸ್ತ್ರಚಿಕಿತ್ಸೆಗೆಂದು ಖಾಸಗಿಯಾಗಿ ತಂದ 60,000ಕ್ಕೆ ನೂರಕ್ಕೆ ಮೂರರಂತೆ ತಿಂಗಳಿಗೆ 1,800 ಬರೀ ಬಡ್ಡಿ. ಬ್ಯಾಂಕಿನಲ್ಲಿ ಗಿರವಿ ಇಟ್ಟ ನನ್ನ ಬಂಗಾರದ ಬೋರಮಾಳ ಸರದ ಬಡ್ಡಿಯನ್ನು ವರ್ಷದ ಕೊನೆಗೆ ಕಟ್ಟಬೇಕು. ಅದನ್ನು ಬಿಟ್ಟರೂ ತಿಂಗಳಿಗೆ 11,800 ಆಯಿತು. ಬರುವುದು 11,000. ಬ್ರಹ್ಮಪುರದ ಹಳೆಯ ಮನೆ ಮಾವನವರ ಕಾಲದ್ದಾದ್ದರಿಂದ ಬಾಡಿಗೆಯಿಲ್ಲ ಎಂಬುದೊಂದೇ ಸಮಾಧಾನ. ಕಿರಾಣಿ, ಅತ್ತೆಯವರ ಔಷಧಿ, ಮಗಳ ಪಿಯು ಕಾಲೇಜಿನ ಶುಲ್ಕ ಇನ್ನೂ ಈ ಲೆಕ್ಕದೊಳಗೆ ಬಂದೇ ಇಲ್ಲ.

ಇಷ್ಟು ಸಾಲ ಯಾಕೆ ಮಾಡಿದಿರಿ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರಿಗಾಗಿ ಒಂದು ನಿಯಮವನ್ನು ಹೇಳಬೇಕು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ, ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ದಾಟಬಾರದು. ನಮ್ಮಿಬ್ಬರ ಆದಾಯ 25,000, ಅದರ ಅರ್ಧ 12,500. ಸಂಸ್ಥೆಗಳ ಕಡತದಲ್ಲಿ ಕಾಣುವ ನಮ್ಮ ಕಂತು 10,000. ಅಂದರೆ ಸಾಲ ಕೊಟ್ಟ ದಿನ ಕೊಟ್ಟವರೂ ನಿಯಮ ಮೀರಿರಲಿಲ್ಲ, ಪಡೆದ ನಾವೂ ಮೀರಿರಲಿಲ್ಲ. ಖಾಸಗಿ ಬಡ್ಡಿ ಯಾವ ಕಡತದಲ್ಲಿಯೂ ಕಾಣುವುದಿಲ್ಲ, ಆ ಮಾತು ಬೇರೆ. ಆದರೆ ಅರ್ಧ ದಾಟಬಾರದೆಂಬ ಈ ಲೆಕ್ಕವನ್ನು ಮಾಡುವುದು ಸಾಲ ಕೊಡುವ ದಿನ ಮಾತ್ರ. ಮರುವರ್ಷ ಆ ಆದಾಯದ ಹೆಚ್ಚಿನ ಪಾಲು ಮಾಯವಾದಾಗ ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡುವ ಪದ್ಧತಿ ನಮ್ಮಲ್ಲಿ ಬೆಳೆದೇ ಇಲ್ಲ.

ಬೆಳೆಯಲಾರದ ಪದ್ಧತಿಯೇನೂ ಅದಲ್ಲ. ಪ್ರಕೃತಿ ವಿಕೋಪದಿಂದ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾದರೆ ರೈತನ ಬೆಳೆಸಾಲದ ಅವಧಿಯನ್ನು ಮುಂದೂಡುವ ವ್ಯವಸ್ಥೆ ಬ್ಯಾಂಕುಗಳಲ್ಲಿ ಬಹಳ ಕಾಲದಿಂದ ಇದೆ. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದಾಗ ಸರ್ಕಾರ ಪರಿಹಾರ ಕೊಟ್ಟಿತು, ಅದು ನ್ಯಾಯವೇ ಆಗಿತ್ತು. ಆದರೆ ಅದೇ ತೊಗರಿಯನ್ನು ನಂಬಿದ ಹಮಾಲರು, ಮಿಲ್ಲಿನ ಕೂಲಿಗಳು, ಲೆಕ್ಕ ಬರೆಯುವವರು ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ದೇಶಕ್ಕೆ ದೇಶವೇ ಮನೆಯಲ್ಲಿ ಕುಳಿತಾಗ ಕಂತುಗಳನ್ನು ಮುಂದೂಡಲು ಅವಕಾಶ ಸಿಕ್ಕಿತ್ತು. ಎಲ್ಲರ ಕೆಲಸವೂ ಒಟ್ಟಿಗೆ ಹೋದರೆ ಅದು ವಿಪತ್ತು, ಒಂದು ಮನೆಯ ಕೆಲಸ ಹೋದರೆ ಅದು ಆ ಮನೆಯವರ ಹಣೆಬರಹ ಎನ್ನುವ ಈ ಭೇದವನ್ನು ನಾನು ಒಪ್ಪುವುದಿಲ್ಲ.

ಇನ್ನು ಹೆಣ್ಣುಮಕ್ಕಳ ಹೆಸರಿನ ಮಾತು. ಗುಂಪಿನ ಸಾಲ ಬಹುಮಟ್ಟಿಗೆ ಹೆಂಗಸರಿಗೇ ಸಿಗುವುದರಿಂದ ಆಧಾರ್ ಕಾರ್ಡ್ ನನ್ನದು, ಸಹಿ ನನ್ನದು, ಸಾಲದ ಇತಿಹಾಸ ದಾಖಲಿಸುವ ಸಿಬಿಲ್‌ನಲ್ಲಿ ಬೀಳುವ ಕಪ್ಪು ಗುರುತೂ ನನ್ನದೇ. ಕೆಲಸ ಹೋದ ಚಿಂತೆ ಮಾತ್ರ ಅವರದೆಂದು ಬಂಧುಬಳಗವೆಲ್ಲ ತಿಳಿದಿದೆ. ಬಂದವರೆಲ್ಲ ಅವರನ್ನೇ ಸಮಾಧಾನ ಮಾಡುತ್ತಾರೆ. ನನಗೆ ಹೇಳುವುದು, «ಅವ್ರ ಮುಂದ ಸಾಲದ ಮಾತು ತೆಗೀಬ್ಯಾಡವ್ವಾ, ಮೊದಲೇ ನೊಂದಾರ» ಎಂಬ ಬುದ್ಧಿಮಾತು. ಈ ಬುದ್ಧಿಮಾತಿನಷ್ಟು ದುಬಾರಿಯಾದುದು ಇನ್ನೊಂದಿಲ್ಲ. ಗಂಡನ ಮುಂದೆ ಮಾತು ತೆಗೆಯಬಾರದೆಂದು ಹೆಂಡತಿ ಗುಟ್ಟಾಗಿ ಕೈಗಡ ತರುತ್ತಾಳೆ, ಹೆಂಡತಿಗೆ ಗೊತ್ತಾಗಬಾರದೆಂದು ಗಂಡ ಗೆಳೆಯರ ಹತ್ತಿರ ತರುತ್ತಾನೆ, ಎರಡೂ ಸೇರಿದ ಮೊತ್ತ ಇಬ್ಬರಿಗೂ ತಿಳಿಯುವ ಹೊತ್ತಿಗೆ ಬಡ್ಡಿಯವರು ಮನೆಗೇ ಬಂದಿರುತ್ತಾರೆ. ನಮ್ಮ ಮನೆಯಲ್ಲಿ ಎಲ್ಲ ಸಾಲಗಳನ್ನೂ ಮಗಳ ಹಳೆಯ ನೋಟುಬುಕ್ಕಿನಲ್ಲಿ ಬರೆದವರು ಅವರೇ. ಇಷ್ಟು ವರ್ಷ ಬೇರೆಯವರ ಲೆಕ್ಕ ಬರೆದ ಕೈ, ಆ ಪುಟವನ್ನು ಬಹಳ ಚೊಕ್ಕವಾಗಿ ಬರೆಯಿತು. ಬರೆದ ಮೇಲೆ ಎರಡು ದಿನ ಮಾತಾಡಲಿಲ್ಲ. ಮಾತಾಡದಿದ್ದರೂ ಪರವಾಗಿಲ್ಲ, ಪಟ್ಟಿ ಇತ್ತಲ್ಲ.

ಪಟ್ಟಿ ಮುಂದಿದ್ದಾಗ ತಿಳಿಯುವ ಮೊದಲ ಸಂಗತಿಯೆಂದರೆ, ಹೆಚ್ಚು ಗದ್ದಲ ಮಾಡುವ ಸಾಲವೇ ಹೆಚ್ಚು ಹಾನಿ ಮಾಡುವ ಸಾಲವಲ್ಲ ಎಂಬುದು. ನೂರಕ್ಕೆ ಮೂರು ಎಂದರೆ ಕಿವಿಗೆ ಹಗುರ. ವರ್ಷಕ್ಕೆ ಶೇಕಡಾ 36 ಎಂದಾಗ ಅದರ ಭಾರ ಗೊತ್ತಾಗುತ್ತದೆ. ಅಡವಿಲ್ಲದ ಖಾಸಗಿ ಸಾಲಕ್ಕೆ ನಮ್ಮ ರಾಜ್ಯ ನಿಗದಿ ಮಾಡಿದ ಮಿತಿ ವರ್ಷಕ್ಕೆ ಶೇಕಡಾ 16, ಅಂದರೆ 60,000ಕ್ಕೆ 9,600. ನಾವು ಕೊಡುತ್ತಿದ್ದುದು 21,600. ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾಯ್ದೆ 2004ರಿಂದಲೇ ಇದ್ದರೂ, ಕಷ್ಟಕಾಲದಲ್ಲಿ ರಾತ್ರಿ ಹತ್ತಕ್ಕೆ ದುಡ್ಡು ತಂದುಕೊಟ್ಟವರ ಮೇಲೆ ದೂರು ಕೊಡಲು ನಮ್ಮವರು ಮುಂದಾಗಲಿಲ್ಲ, ನಾನೂ ಒತ್ತಾಯಿಸಲಿಲ್ಲ. ನನ್ನ ಪಾಟಲಿಗಳನ್ನು ಸರಾಫ ಬಜಾರಿನಲ್ಲಿ ಮಾರಿ ಆ ಸಾಲ ಮುಗಿಸಿದೆವು. ಮಾರಿದೆವು, ಗಿರವಿ ಇಡಲಿಲ್ಲ. ಬಂಗಾರ ಮಾರಬಾರದು, ಗಿರವಿ ಇಟ್ಟರೆ ಎಂದಾದರೂ ಬಿಡಿಸಿಕೊಳ್ಳಬಹುದು ಎಂಬುದು ನಮ್ಮ ಭಾಗದ ಹೆಣ್ಣುಮಕ್ಕಳ ನಂಬಿಕೆ. ತವರಿನಿಂದ ಬಂದ ಒಡವೆಯ ವಿಷಯದಲ್ಲಿ ಅದು ನಂಬಿಕೆಗಿಂತಲೂ ಹೆಚ್ಚಿನದು. ಆದರೆ ಬಿಡಿಸಿಕೊಳ್ಳುವ ಆದಾಯವೇ ಕಣ್ಣಿಗೆ ಕಾಣದಿರುವಾಗ ಗಿರವಿ ಎಂಬುದು ಬಡ್ಡಿ ಕಟ್ಟುತ್ತ ಕಟ್ಟುತ್ತ ಹರಾಜಿನವರೆಗೆ ಹೋಗುವ ದಾರಿ. ಬೋರಮಾಳದ ವಿಷಯದಲ್ಲಿ ನಾನೂ ಇನ್ನೂ ಅದೇ ದಾರಿಯಲ್ಲಿದ್ದೇನೆ, ಅದನ್ನು ಮಾರಲು ಮನಸ್ಸು ಬಂದಿಲ್ಲ.

ಬೈಕನ್ನು ಫೈನಾನ್ಸಿನವರು ಎಳೆದುಕೊಂಡು ಹೋಗುವ ಮೊದಲೇ, ಅವರಿಗೆ ತಿಳಿಸಿ ನಾವೇ ಮಾರಿ ಸಾಲ ತೀರಿಸಿದೆವು. ಜಪ್ತಿಯಾದ ಗಾಡಿ ಅವರು ಹರಾಜು ಹಾಕಿದ ಬೆಲೆಗೆ ಹೋಗುತ್ತದೆ, ಕಡಿಮೆ ಬಿದ್ದ ಹಣವನ್ನು ಮತ್ತೆ ನಮ್ಮಿಂದಲೇ ಕೇಳುತ್ತಾರೆ.

ಉಳಿದದ್ದು ಗುಂಪಿನ ಸಾಲಗಳ 7,100. ಇದು ಎಲ್ಲಕ್ಕಿಂತ ಕಠಿಣ, ಏಕೆಂದರೆ ಇಲ್ಲಿ ಸಾಲಗಾರ್ತಿಯ ಎದುರಿಗೆ ಕುಳಿತಿರುವುದು ಸಂಸ್ಥೆಯಲ್ಲ, ಓಣಿಯ ಹೆಣ್ಣುಮಕ್ಕಳು. ನಾನು ಕಟ್ಟದಿದ್ದರೆ ಅವರು ಕಟ್ಟಬೇಕು. ಒಬ್ಬರು ರೊಟ್ಟಿ ಬಡಿದು ಮಾರುತ್ತಾರೆ, ಇನ್ನೊಬ್ಬರು ನಾಲ್ಕು ಮನೆಯ ಮುಸುರೆ ತಿಕ್ಕುತ್ತಾರೆ. «ಟೀಚರ್, ಈ ಸಲ ನಿಮ್ದು ನಾವೇ ಕೂಡಿಸಿ ತುಂಬೀವ್ರಿ, ಮುಂದಿನ ಸಲ ಹ್ಯಾಂಗ ಮಾಡೋದು ನೋಡ್ರಿ» ಎಂದು ಅವರಲ್ಲೊಬ್ಬರು ಹೇಳಿದಾಗ ಅದರಲ್ಲಿ ಬೈಗುಳವೇನೂ ಇರಲಿಲ್ಲ. ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಕರೆ ಮಾಡಬಾರದು. ನಿಗದಿಯಾದ ಜಾಗಕ್ಕೆ ಸತತವಾಗಿ ಎರಡು ಸಲವಾದರೂ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ನೆಂಟರನ್ನು, ಜೊತೆಯವರನ್ನು ಪೀಡಿಸಬಾರದು ಎಂದೆಲ್ಲ ರಿಸರ್ವ್ ಬ್ಯಾಂಕು ಹೇಳಿದೆ. ಆದರೆ ಗುಂಪಿನ ಜಾಮೀನು ಎಂಬ ಏರ್ಪಾಡಿನಲ್ಲಿ ಸಿಬ್ಬಂದಿ ತುಟಿ ಬಿಚ್ಚದಿದ್ದರೂ ಒತ್ತಡ ತಾನಾಗಿಯೇ ಹುಟ್ಟುತ್ತದೆ. ಬಡವಳ ಸಾಲಕ್ಕೆ ಬಡವಳನ್ನೇ ಜಾಮೀನು ನಿಲ್ಲಿಸುವ ಈ ಪದ್ಧತಿಯನ್ನು ಮಹಿಳಾ ಸಬಲೀಕರಣವೆಂದು ಭಾಷಣದಲ್ಲಿ ಕರೆಯುವವರು ಒಮ್ಮೆ ಗುಂಪಿನ ಸಭೆಯ ಚಾಪೆಯ ಮೇಲೆ ಬಂದು ಕೂರಬೇಕು.

ಈ ಹಂತದಲ್ಲಿಯೇ ಹೊಸ ಸಾಲದ ಆಹ್ವಾನ ಬರುತ್ತದೆ. «ಹಳೇದು ಅದ್ರಾಗೇ ಮುಗಿಸ್ರಿ ಮೇಡಂ, ಮ್ಯಾಲಿಷ್ಟು ಕೈಯಾಗೂ ಉಳೀತದ» ಎನ್ನುತ್ತಾರೆ ಸಾಲ ಕೊಡುವವರು. ಅರ್ಜಿಯಲ್ಲಿ ಗಂಡನ ಆದಾಯದ ಕಡೆ ಈಗಲೂ 14,000 ಎಂದೇ ಬರೆಯಬೇಕು, ಇಲ್ಲವಾದರೆ ಅರ್ಧದ ಮಿತಿ ಅಡ್ಡಬರುತ್ತದೆ. ಅಂದರೆ ನಿಯಮ ನಮ್ಮನ್ನು ಕಾಯಬೇಕಾದ ಜಾಗದಲ್ಲಿಯೇ ನಮ್ಮ ಕೈಯಿಂದ ಸುಳ್ಳು ಬರೆಸಲಾಗುತ್ತದೆ. ನಾನು ಬೇಡವೆಂದೆ. ಹಳೆಯ ಕಂತಿಗಾಗಿ ಹೊಸ ಸಾಲ ಮಾಡುವುದನ್ನು, ಕೆಲಸ ಸಿಕ್ಕೇ ಸಿಗುತ್ತದೆಂದು ಗೊತ್ತಿದ್ದವರು ಮಾತ್ರ ಯೋಚಿಸಬಹುದು. ನಲವತ್ತು ದಾಟಿದ, ಪುಸ್ತಕದ ಲೆಕ್ಕ ಬಲ್ಲ, ಕಂಪ್ಯೂಟರಿನ ಲೆಕ್ಕ ಈಗ ಕಲಿಯುತ್ತಿರುವ ಗಂಡಸಿನ ಮನೆಯಲ್ಲಿ ಆ ಭರವಸೆಗೆ ಆಧಾರವಿಲ್ಲ.

ಸರ್ಕಾರದ ಕಡೆಯಿಂದ ಏನಾದರೂ ಸಿಗುತ್ತದೆಯೇ ಎಂದು ನೋಡಿದೆವು. ಯುವನಿಧಿ ಹೊಸದಾಗಿ ಪದವಿ, ಡಿಪ್ಲೊಮಾ ಮುಗಿಸಿದವರಿಗೆ. ಉದ್ಯೋಗಖಾತ್ರಿ ಹಳ್ಳಿಗೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆ ಪಗಾರದಲ್ಲಿ ಕಡಿತವಾಗುತ್ತಿದ್ದವರು ಕೆಲಸ ಕಳೆದುಕೊಂಡರೆ ಸರಾಸರಿ ಪಗಾರದ ಅರ್ಧದಷ್ಟನ್ನು 90 ದಿನಗಳವರೆಗೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ 2018ರಲ್ಲಿ ಆರಂಭವಾಯಿತು. ಕಾಲಕಾಲಕ್ಕೆ ವಿಸ್ತರಿಸುತ್ತ ಬಂದಿರುವ ಯೋಜನೆಯಾದ್ದರಿಂದ ಕೆಲಸ ಹೋದವರು ಇಎಸ್‌ಐ ಶಾಖೆಯಲ್ಲಿ ತಪ್ಪದೆ ವಿಚಾರಿಸಬೇಕು. ನಮ್ಮವರ ಮಿಲ್ಲಿನಲ್ಲಿ ಇಎಸ್‌ಐ ಇರಲಿಲ್ಲ, ಭವಿಷ್ಯನಿಧಿಯೂ ಇರಲಿಲ್ಲ. ಗುಂಪಿನ ಸಾಲ ಕೊಡುವಾಗ ಕಡಿತ ಮಾಡಿಕೊಂಡ ವಿಮೆ, ಸತ್ತರೆ ಮಾತ್ರ. ಗೃಹಲಕ್ಷ್ಮಿಯ 2,000 ಬಂದಾಗ ಅದು ಕಿರಾಣಿಗೆ ಎಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿದ್ದೇವೆ, ಅದನ್ನು ಕಂತಿಗೆ ಮುಟ್ಟುವುದಿಲ್ಲ. ಅವರು ಈಗ ನೆಹರು ಗಂಜಿನ ಒಂದು ಅಂಗಡಿಯಲ್ಲಿ ಸಂಜೆ ಹೊತ್ತು ಲೆಕ್ಕ ಬರೆಯುತ್ತಾರೆ. ಸಿಗುವುದು ಅಷ್ಟಕ್ಕಷ್ಟೇ, ಅದನ್ನು ಕೆಲಸ ಎಂದು ಕರೆಯಲು ಅವರಿನ್ನೂ ಒಪ್ಪಿಲ್ಲ.

ಕೊನೆಗೆ ನಾವು ಮಾಡಿದ್ದು, ಎರಡೂ ಸಂಸ್ಥೆಗಳಿಗೆ ಪತ್ರ ಬರೆದದ್ದು. ಬಾಯಿಮಾತು ಸಿಬ್ಬಂದಿ ಬದಲಾದೊಡನೆ ಮರೆತುಹೋಗುತ್ತದೆ. ಮರುಪಾವತಿಯಲ್ಲಿ ತೊಂದರೆಗೆ ಸಿಕ್ಕವರನ್ನು ಗುರುತಿಸಿ, ಅವರೊಂದಿಗೆ ಮಾತಾಡಿ, ಇರುವ ದಾರಿಗಳನ್ನು ತಿಳಿಸುವ ವ್ಯವಸ್ಥೆಯನ್ನು ಸಾಲ ಕೊಟ್ಟ ಸಂಸ್ಥೆಯೇ ಇಟ್ಟುಕೊಂಡಿರಬೇಕು ಎಂದು ನಾನು ಮೇಲೆ ಹೇಳಿದ 2022ರ ನಿರ್ದೇಶನದಲ್ಲಿಯೇ ಇದೆ. ಗಂಡನ ಕೆಲಸ ಹೋದ ತಿಂಗಳು, ಈಗಿನ ಆದಾಯ, ಕಟ್ಟಬಲ್ಲ ಮೊತ್ತ, ಎಷ್ಟು ಅವಧಿ ಹೆಚ್ಚಿಸಬೇಕು ಎಂಬುದನ್ನು ಬರೆದು, ಆ ನಿರ್ದೇಶನವನ್ನು ಉಲ್ಲೇಖಿಸಿ, ಸಾಲದ ಕಾರ್ಡಿನ ಪ್ರತಿ ಲಗತ್ತಿಸಿ ಕೊಟ್ಟೆವು. ಒಂದು ಸಂಸ್ಥೆ 3,900ರ ಕಂತನ್ನು ಅವಧಿ ಹೆಚ್ಚಿಸಿ 2,100ಕ್ಕೆ ಇಳಿಸಿತು. ಇದರಿಂದ ಒಟ್ಟು ಬಡ್ಡಿ ಹೆಚ್ಚುತ್ತದೆ, ಅದು ಗೊತ್ತಿದ್ದೇ ಒಪ್ಪಿದೆವು. ಇನ್ನೊಂದು ಸಂಸ್ಥೆಯ ಶಾಖೆಯವರು ಹೆಡ್ ಆಫೀಸಿಗೆ ಕಳಿಸಿದ್ದೇವೆ ಎನ್ನುತ್ತಿದ್ದಾರೆ. ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಪರಿಹಾರಾಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಹೋಗಬಹುದು, ವಿಚಾರಿಸಲು 14448ಕ್ಕೆ ಕರೆ ಮಾಡಬಹುದು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆಯಾದ್ದರಿಂದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಅರ್ಜಿ ಬರೆದಿಟ್ಟಿದ್ದೇನೆ; ಅವರ ಸಹಾಯವಾಣಿ 15100. ಸಂಸ್ಥೆಗಳಿಗೆ ಬರೆದ ಆ ಪತ್ರ ಕನ್ನಡದಲ್ಲಿಯೇ ಇದೆ, ಒಂದೂವರೆ ಪುಟ. ಬೇಕಾದವರು ಕೇಳಿದರೆ ನಮ್ಮ ಹೆಸರು, ಮೊತ್ತ ತೆಗೆದು ಕಳಿಸುತ್ತೇನೆ. ಅದನ್ನು ಮೊದಲ ಕಂತು ತಪ್ಪುವ ಮೊದಲೇ ಕೊಡಿ, ತಪ್ಪಿದ ಮೇಲೆ ಕೊಟ್ಟ ಪತ್ರವನ್ನು ಶಾಖೆಯವರು ನೆಪವೆಂದು ಓದುತ್ತಾರೆ.