ಹೊಸ ಡಿಬಿ ಬಾಕ್ಸಿನ ಮೇಲಿನ ಆರೋಪಗಳು

ಹಳೆಯ ಮನೆಯ ಫ್ಯೂಸ್ ಬೋರ್ಡನ್ನು ಬದಲಿಸಬೇಕೆಂದು ವಾದಿಸುವವನ ಕಷ್ಟವೇನೆಂದರೆ, ಆ ಬೋರ್ಡು ತನ್ನ ವಿರುದ್ಧ ಒಂದು ಸಾಕ್ಷ್ಯವನ್ನೂ ಬಿಟ್ಟುಕೊಡುವುದಿಲ್ಲ. ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಗೀಜರಿನಲ್ಲಿ ನೀರು ಕಾಯುತ್ತದೆ. ನಮ್ಮ ಮಾವನವರಂತೂ ಕಪ್ಪು ಹಿಡಿದ ಆ ಮರದ ಹಲಗೆಯನ್ನೂ ಅದರ ಮೇಲಿನ ಪಿಂಗಾಣಿ ಫ್ಯೂಸುಗಳನ್ನೂ ಬಂದವರಿಗೆಲ್ಲ ತೋರಿಸಿ, “ಇಷ್ಟು ವರ್ಷದಲ್ಲಿ ಒಂದು ದಿನವೂ ಗೀಜರಿನ ಫ್ಯೂಸು ಹೋಗಿಲ್ಲ” ಎಂದು ಅಭಿಮಾನಪಡುತ್ತಿದ್ದರು. ಫ್ಯೂಸು ಹೋಗದಿರುವುದೇ ಅನುಮಾನಕ್ಕೆ ಕಾರಣವಾಗಬೇಕೆಂದು ಅವರಿಗೆ ತಿಳಿಹೇಳುವುದು ಅಳಿಯನಾದವನ ಕೆಲಸವಲ್ಲವೆಂದು ಬಗೆದು, ಅದನ್ನು ಎಲೆಕ್ಟ್ರಿಷಿಯನ್ನರಿಗೆ ವಹಿಸಿದೆ.

ಅವರು ಮೇನ್ ಸ್ವಿಚ್ ಆರಿಸಿ, ಟೆಸ್ಟರಿನಿಂದ ಎರಡೆರಡು ಸಲ ಖಚಿತಪಡಿಸಿಕೊಂಡು, ಗೀಜರಿನ ಫ್ಯೂಸನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದರು. 15 ಆಂಪಿಯರಿನ ಫ್ಯೂಸಿಗೆ ಹಾಕಬೇಕಾದ ತಂತಿಯ ದಪ್ಪ ಅರ್ಧ ಮಿಲಿಮೀಟರ್. ಅದು ಸಹ ಬೇಗನೆ ಕರಗಬೇಕಾದರೆ ಹೆಚ್ಚುಕಡಿಮೆ ಎರಡರಷ್ಟು ಕರೆಂಟು ಹರಿಯಬೇಕು. ಅಲ್ಲಿದ್ದದ್ದಾದರೋ ಯಾವುದೋ ವೈರಿನಿಂದ ಬಿಡಿಸಿ ಹೊಸೆದು ಸುತ್ತಿದ್ದ ತಾಮ್ರದ ಎಳೆಗಳ ಗಟ್ಟಿಮುಟ್ಟಾದ ಹುರಿ. “ಸಾರ್, ಈ ಫ್ಯೂಸು ಹೋಗುವ ಮೊದಲು ಮನೆ ಹೋಗುತ್ತದೆ” ಎಂದರು. ಮಾವನವರು ಕಿಟಕಿಯ ಹೊರಗೆ ಏನನ್ನೋ ಗಮನವಿಟ್ಟು ನೋಡತೊಡಗಿದರು.

ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ಹೆಸರುಗಳನ್ನು ಓದುವುದೇ ಒಂದು ಸಂಶೋಧನೆಯಾಯಿತು. ‘ಮುಂದಿನ ಕೋಣೆ’ ಎಂದಿದ್ದ ಫ್ಯೂಸು ಹಿಂದಿನ ಕೋಣೆಯದಾಗಿತ್ತು, ಬಹುಶಃ ಬರೆದವರು ಹಿತ್ತಲಿನ ಕಡೆ ಮುಖ ಮಾಡಿ ನಿಂತಿದ್ದಿರಬೇಕು. ‘ಹೊಸ ಫ್ಯಾನು’ ಎಂಬುದು ಯಾವ ಫ್ಯಾನು ಎಂದು ಮನೆಯ ಹಿರಿಯರಿಗೂ ನೆನಪಿರಲಿಲ್ಲ.

ಸಂಜೆಯೊಳಗೆ ಹಲಗೆಯ ಜಾಗದಲ್ಲಿ ಬಿಳಿಯ ಡಿಬಿ ಬಾಕ್ಸು, ಅಂದರೆ ಮನೆಯ ಸರ್ಕ್ಯೂಟುಗಳಿಗೆಲ್ಲ ವಿದ್ಯುತ್ತನ್ನು ಹಂಚುವ ಪೆಟ್ಟಿಗೆ, ಕುಳಿತಿತು. ದೀಪಗಳಿಗೆ 6 ಆಂಪಿಯರಿನ, ಗೀಜರಿನಂಥವುಗಳಿಗೆ 16 ಆಂಪಿಯರಿನ ಎಂಸಿಬಿಗಳು, ಅಂದರೆ ಕರೆಂಟು ಮಿತಿಮೀರಿದರೆ ತಾವಾಗಿಯೇ ಆರುವ ಸ್ವಿಚ್ಚುಗಳು. ಅವುಗಳ ಮೇಲೆ ಕೆಳಗಿನ ಮಹಡಿಗೊಂದು, ಮೇಲಿನ ಮಹಡಿಗೊಂದು ಆರ್‌ಸಿಸಿಬಿ. ಎಂಸಿಬಿಯ ಕಾಳಜಿಯೆಲ್ಲ ವೈರು ಸುಡಬಾರದೆಂಬುದಷ್ಟೇ. ಮನುಷ್ಯರ ಚಿಂತೆ ಇರುವುದು ಆರ್‌ಸಿಸಿಬಿಗೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿಯಾಗಿ ಹಿಂದಿರುಗಿತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ, 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಕ್ಷಣಾರ್ಧದಲ್ಲಿ ಇಡೀ ಮಹಡಿಯ ವಿದ್ಯುತ್ತನ್ನು ಕಡಿದುಹಾಕುತ್ತದೆ. ಜಿಪುಣ ಲೆಕ್ಕಿಗನೊಬ್ಬನನ್ನು ಮನೆಯೊಳಗೆ ಬಿಟ್ಟುಕೊಂಡ ಹಾಗೆಯೇ ಸರಿ.

ಕತ್ತಲಾಯಿತು. ಅತ್ತೆಯವರು ಮೆಟ್ಟಿಲಿನ ದೀಪ ಹಾಕಿದರು. ಟಪ್ಪೆಂದಿತು, ಕೆಳಗಿನ ಮಹಡಿ ಪೂರ್ತಿ ಕತ್ತಲೆ. ಮತ್ತೆ ಎತ್ತಿ ಹಾಕಿದರೆ ಒಮ್ಮೆ ಮೇಲಿನ ಮಹಡಿ ಹೋಗುತ್ತಿತ್ತು, ಒಮ್ಮೊಮ್ಮೆ ಎರಡೂ ಒಟ್ಟಿಗೆ ಹೋಗುತ್ತಿದ್ದವು. “ಹಳೆಯದೇ ಚೆನ್ನಾಗಿತ್ತು” ಎಂಬ ತೀರ್ಪು ಕತ್ತಲೆಯಲ್ಲಿ ಯಾರ ಬಾಯಿಂದ ಬಂದಿತೋ ತಿಳಿಯಲಿಲ್ಲ, ಅನುಮೋದನೆ ಮಾತ್ರ ಎಲ್ಲ ದಿಕ್ಕಿನಿಂದಲೂ ಬಂದಿತು.

ಹಳೆಯ ಮನೆಗಳಲ್ಲಿ ಮೆಟ್ಟಿಲಿನ ದೀಪದ್ದು ಬಹುಮಟ್ಟಿಗೆ ಇದೇ ಕಥೆಯೆಂದು ಮರುದಿನ ಬಂದ ಎಲೆಕ್ಟ್ರಿಷಿಯನ್ನರು ವಿವರಿಸಿದರು. ಕೆಳಗೊಂದು, ಮೇಲೊಂದು ಸ್ವಿಚ್ಚು ಇರುವ ಆ ದೀಪಕ್ಕೆ ಹಿಂದೆ ಯಾರೋ ವೈರು ಉಳಿಸುವ ಉತ್ಸಾಹದಲ್ಲಿ ಫೇಸನ್ನು ಕೆಳಗಿನ ಸರ್ಕ್ಯೂಟಿನಿಂದ ತಂದು, ನ್ಯೂಟ್ರಲ್ಲನ್ನು ಮಾತ್ರ ಮೇಲಿನದರಿಂದ ಕಡ ಪಡೆದಿದ್ದರು. 230 ವೋಲ್ಟಿನಲ್ಲಿ 40 ವ್ಯಾಟಿನ ಬಲ್ಬು ಸುಮಾರು 170 ಮಿಲಿಆಂಪಿಯರ್ ಎಳೆಯುತ್ತದೆ. ಆ ಕರೆಂಟು ಒಂದು ಆರ್‌ಸಿಸಿಬಿಯಿಂದ ಹೊರಟು ಇನ್ನೊಂದರ ಮೂಲಕ ಹಿಂದಿರುಗಿದರೆ ಒಂದಕ್ಕೆ ಕೊರತೆ, ಇನ್ನೊಂದಕ್ಕೆ ಹೆಚ್ಚುವರಿ. ಇಬ್ಬರೂ ಅಂಗಡಿ ಮುಚ್ಚುತ್ತಾರೆ. ಪಿಂಗಾಣಿ ಫ್ಯೂಸಿಗೆ ಈ ಅವ್ಯವಹಾರ ಕಾಣಿಸುವಂತೆಯೇ ಇರಲಿಲ್ಲ. ದೀಪದ ನ್ಯೂಟ್ರಲ್ಲನ್ನೂ ಕೆಳಗಿನಿಂದಲೇ ಎಳೆದ ಮೇಲೆ ಆ ತಕರಾರು ನಿಂತಿತು.

ಅಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆ ಆರೋಪಿಯ ಸ್ಥಾನಕ್ಕೆ ಬಂದಿತು. ಹಾಲ್‌ನಲ್ಲಿ ಅದನ್ನು ಹಚ್ಚಿದಾಗಲೆಲ್ಲ ಟ್ರಿಪ್ಪಾಗುತ್ತಿದ್ದುದರಿಂದ ಅದನ್ನು ಅಟ್ಟಕ್ಕೇರಿಸಿ ಹೊಸದನ್ನು ತಂದೆವು. ಹೊಸದೂ ಅದೇ ಚಾಳಿ ಕಲಿತಿತು. ಆಗ ಎಲೆಕ್ಟ್ರಿಷಿಯನ್ನರು ವೈರಿನ ಹೊದಿಕೆ ಎಲ್ಲಾದರೂ ಸೋರುತ್ತಿದೆಯೇ ಎಂದು ಅಳೆಯುವ ಮೆಗ್ಗರ್ ತಂದು, ಪ್ಲಗ್ಗುಗಳನ್ನೆಲ್ಲ ಕಿತ್ತು, 500 ವೋಲ್ಟು ಕೊಟ್ಟು ಅಳೆದರು. ಕನಿಷ್ಠ ಒಂದು ಮೆಗಾಓಮ್ ತೋರಿಸಬೇಕಾದ ಕಡೆ ಮುಳ್ಳು ಸೊನ್ನೆಗೆ ಅಂಟಿಕೊಂಡಿತ್ತು. ಎಲ್ಲೋ ನ್ಯೂಟ್ರಲ್ಲು ಭೂಮಿಗೆ ಸೇರುವ ಅರ್ಥ್ ತಂತಿಗೆ ತಾಗುತ್ತಿದೆ ಎಂದು ಹೇಳಿ, ಪೈಪು ಹೋದ ದಾರಿಯನ್ನು ಬೆರಳಿನಿಂದ ಗೋಡೆಯ ಮೇಲೆ ಗುರುತಿಸುತ್ತ ಹೋದವರು ಅತ್ತೆಯವರ ತಂದೆಯ ಭಾವಚಿತ್ರದ ಮುಂದೆ ನಿಂತರು.

ಭಾವಚಿತ್ರವನ್ನು ಇಳಿಸಲು ಅನುಮತಿ ಸಿಗುವುದಕ್ಕೆ ಹೊಸ ಬೋರ್ಡನ್ನು ಕೂರಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹಿಂದಿದ್ದ ಮೊಳೆ ಹೆಬ್ಬೆರಳಿನಷ್ಟು ಉದ್ದವಿದ್ದು, ಗಾರೆಯನ್ನೂ ಪೈಪನ್ನೂ ಸೀಳಿ, ನ್ಯೂಟ್ರಲ್ ವೈರಿನ ರಬ್ಬರನ್ನು ಕೊರೆದು, ಪಕ್ಕದ ಬರಿಯ ಅರ್ಥ್ ತಂತಿಗೆ ಒರಗಿ ನಿಂತಿತ್ತು. ಹಾಲ್‌ನಲ್ಲಿ ಹೆಚ್ಚು ಕರೆಂಟು ಹರಿದಾಗಲೆಲ್ಲ ಒಂದಿಷ್ಟು ಪಾಲು ಆ ಮೊಳೆಯ ಮೂಲಕ ಭೂಮಿಗೆ ಇಳಿದುಹೋಗುತ್ತಿತ್ತು. ಮೊಳೆ ಹೊಡೆದವರು ಯಾರೆಂಬ ಪ್ರಶ್ನೆ ಎದ್ದಾಗ, ಪೂಜ್ಯರ ಭಾವಚಿತ್ರ ಕೆಳಗೆ ಬೀಳಬಾರದೆಂಬ ಭಕ್ತಿಯಿಂದ ಅಷ್ಟು ಉದ್ದದ ಮೊಳೆಯನ್ನೇ ಆರಿಸಿದ್ದಾಗಿ ಮಾವನವರು ಹೇಳಿದರು. ಅತ್ತೆಯವರು ಅದನ್ನು ನಂಬಿದಂತೆ ಕಾಣಲಿಲ್ಲ.

ಈಗ ಡಿಬಿ ಬಾಕ್ಸು ಬಾಯಿ ಮುಚ್ಚಿಕೊಂಡಿದೆ, ಮಾವನವರೇ ಅದರ ಪಕ್ಷಕ್ಕೆ ಸೇರಿದ್ದಾರೆ. ಆರ್‌ಸಿಸಿಬಿಯ ಮೇಲಿನ ‘ಟೆಸ್ಟ್’ ಗುಂಡಿಯನ್ನು ಆಗಾಗ ಒತ್ತಿ, ವಿದ್ಯುತ್ತು ಕಡಿಯುತ್ತದೆಯೇ ಎಂದು ನೋಡಬೇಕೆಂದು ಎಲೆಕ್ಟ್ರಿಷಿಯನ್ನರು ಹೋಗುವಾಗ ಹೇಳಿದ ಮಾತನ್ನು ಅವರು ಶಿರಸಾವಹಿಸಿ ಪಾಲಿಸುತ್ತಾರೆ. ನಾನು ಕಂಪ್ಯೂಟರಿನಲ್ಲಿ ಅರ್ಧ ಪುಟ ಬರೆದಿರುವಾಗ ಪಾಲಿಸುತ್ತಾರೆ. ಒತ್ತುವ ಮುಂಚೆ ಒಂದು ಮಾತು ತಿಳಿಸಿರೆಂದು ವಿನಯದಿಂದ ಕೇಳಿಕೊಂಡರೆ, ತಿಳಿಸಿ ಮಾಡಿದರೆ ಅದು ಪರೀಕ್ಷೆ ಹೇಗಾಗುತ್ತದೆ ಎಂದು ನನ್ನನ್ನೇ ಕೇಳುತ್ತಾರೆ.