4 ನಿಮಿಷ ತಡ, 71 ದಿನ ತಡ

ಮೂರು ವರ್ಷದ ಹಿಂದಿನ ಮಾತು. ಯುರೋಪಿನ ಒಂದು ಕಂಪನಿ ಜೊತೆ ನನ್ನ ಮೊದಲ ವಿಡಿಯೋ ಕಾಲ್ ಇತ್ತು. ಹತ್ತು ನಿಮಿಷ ಮೊದಲೇ ರೆಡಿಯಾಗಿ ಕೂತಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಲ್ಯಾಪ್‌ಟಾಪ್‌ಗೆ ಅಪ್‌ಡೇಟ್ ಆಗುವ ಮನಸ್ಸಾಯಿತು. ನೀಲಿ ಪರದೆ, ಮೇಲೆ ಗಿರಗಿರ ತಿರುಗುವ ಚುಕ್ಕಿಗಳು. ಫೋನ್ ಹುಡುಕಿ, ಪಾಸ್‌ವರ್ಡ್ ಎರಡು ಸಲ ತಪ್ಪು ಹೊಡೆದು, ಅಂತೂ ಸೇರಿಕೊಂಡಾಗ 4 ನಿಮಿಷ ತಡವಾಗಿತ್ತು.

ಆ ಕಡೆ ಮೂರು ಜನ ಕೂತಿದ್ದರು. ನಾನು ಸಾರಿ ಅಂದೆ. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಮಾತ್ರ ಕೈಗಡಿಯಾರ ನೋಡಿಕೊಂಡು, "ಸರಿ, ಹಾಗಾದರೆ ನಮಗೆ ಉಳಿದಿರುವುದು 26 ನಿಮಿಷ" ಅಂದರು. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ಮಾರನೇ ದಿನದ ಮೇಲ್‌ನಲ್ಲಿ ಇನ್ನೊಂದು ಸಾಲು ಇತ್ತು: ಮುಂದಿನ ಸಲ ಎಲ್ಲರೂ ಸಮಯಕ್ಕೆ ಬರುತ್ತಾರೆಂದು ನಂಬಿದ್ದೇವೆ. 'ಎಲ್ಲರೂ' ಅಂದರೆ ನಾನೊಬ್ಬನೇ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೆಲಸ ಮುಗಿಸಿ ಇನ್‌ವಾಯ್ಸ್ ಕಳಿಸಿದೆ. ಒಪ್ಪಂದದ ಪ್ರಕಾರ 30 ದಿನದಲ್ಲಿ ದುಡ್ಡು ಬರಬೇಕು. ಬಂದಿದ್ದು 71ನೇ ದಿನಕ್ಕೆ. ನಡುವೆ ನಾಲ್ಕು ಸಲ ನೆನಪಿಸಿದೆ. ನಾಲ್ಕು ಸಲವೂ ಅದೇ ಉತ್ತರ, "ಪ್ರೊಸೆಸ್‌ನಲ್ಲಿದೆ". ಆ ಉತ್ತರ ಮಾತ್ರ ಹತ್ತು ನಿಮಿಷದೊಳಗೆ ಬಂದುಬಿಡುತ್ತಿತ್ತು. ಅದರಲ್ಲಿ ಅವರನ್ನು ದೂರುವ ಹಾಗೇ ಇಲ್ಲ.

ಅದೇ ವರ್ಷ ದಕ್ಷಿಣ ಅಮೆರಿಕದ ಒಬ್ಬ ಕ್ಲೈಂಟ್ ಇದ್ದರು. ಒಂದೇ ಒಂದು ಕಾಲ್‌ಗೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. 25 ನಿಮಿಷ, 40 ನಿಮಿಷ. ಬಂದವರೇ ನಗುತ್ತಾ "ಹೇಗಿದ್ದೀರಿ, ಅಮ್ಮನ ಮೊಣಕಾಲು ಹೇಗಿದೆ" ಅಂತ ಶುರು. ಮೊದಮೊದಲು ಮೈಯೆಲ್ಲಾ ಉರಿಯುತ್ತಿತ್ತು. ಇವರಿಗೆ ನನ್ನ ಹೊತ್ತಿಗೆ ಬೆಲೆಯೇ ಇಲ್ಲವಲ್ಲ ಅಂತ. ಆದರೆ ಇನ್‌ವಾಯ್ಸ್ ಹೋದ ಎರಡನೇ ದಿನ ದುಡ್ಡು ಖಾತೆಯಲ್ಲಿ ಇರುತ್ತಿತ್ತು. ಪ್ರತಿ ಸಲ.

ಈಗ ಹೇಳಿ, ಇವರಿಬ್ಬರಲ್ಲಿ ಸಮಯಪಾಲನೆ ಯಾರದ್ದು?

ಬೇರೆ ದೇಶದವರ ಜೊತೆ ವ್ಯವಹಾರ ಮಾಡುವವರಿಗೆ ಸಿಗುವ ಬುದ್ಧಿಮಾತೆಲ್ಲ ಮೀಟಿಂಗ್ ಶುರುವಾಗುವ ಹೊತ್ತಿನ ಬಗ್ಗೆಯೇ. ಜರ್ಮನ್ನರ ಹತ್ತಿರ ಐದು ನಿಮಿಷ ಮೊದಲೇ ಹೋಗಿ, ಬ್ರೆಜಿಲ್‌ನಲ್ಲಿ ಅರ್ಧ ಗಂಟೆ ಕಾಯೋಕೆ ತಯಾರಾಗಿರಿ, ಇಂಥವು. ತಪ್ಪಲ್ಲ. ಆದರೆ ಬಾಗಿಲು ದಾಟುವ ಹೊತ್ತೊಂದನ್ನೇ ಅಳೆದು ಇಡೀ ದೇಶಕ್ಕೇ ಮಾರ್ಕ್ಸ್ ಹಾಕಿಬಿಡುತ್ತೇವಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ದುಡ್ಡು ಕೊಡುವ ಹೊತ್ತು, ಮಾಲು ತಲುಪಿಸುವ ಹೊತ್ತು, ಮೀಟಿಂಗ್ ಮುಗಿಸುವ ಹೊತ್ತು ಇವಕ್ಕೆಲ್ಲ ಮಾರ್ಕ್ಸ್ ಹಾಕುವವರು ಯಾರು? ಯುರೋಪಿಯನ್ ಒಕ್ಕೂಟ 2011ರಲ್ಲಿ ಕಂಪನಿಗಳ ತಡ ಪಾವತಿ ಬಗ್ಗೆ ತನ್ನ ನಿಯಮವನ್ನು ಬಿಗಿ ಮಾಡಿತು. ಬೇರೆ ಏನೂ ಸ್ಪಷ್ಟವಾಗಿ ಒಪ್ಪಿಕೊಂಡಿಲ್ಲದಿದ್ದರೆ ಕಂಪನಿ ಕಂಪನಿಗಳ ನಡುವಿನ ಒಪ್ಪಂದದಲ್ಲಿ 60 ದಿನಕ್ಕಿಂತ ಜಾಸ್ತಿ ಗಡುವು ಇರಬಾರದು, ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ 30 ದಿನದಲ್ಲಿ ಕೊಡಬೇಕು ಅಂತ. ಎಲ್ಲರೂ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದರೆ ಇಂಥದ್ದೊಂದು ನಿಯಮ ಯಾಕೆ ಬೇಕಿತ್ತು, ಅಲ್ವಾ?

ಇನ್ನು ಜಪಾನ್. ಈ ವಿಷಯ ಬಂದಾಗಲೆಲ್ಲ ಜಪಾನ್ ಬಂದೇ ಬರುತ್ತದೆ. 2017ರ ನವೆಂಬರ್‌ನಲ್ಲಿ ಟೋಕಿಯೋ ಹತ್ತಿರ ಸುಕುಬಾ ಎಕ್ಸ್‌ಪ್ರೆಸ್ ರೈಲೊಂದು 20 ಸೆಕೆಂಡ್ ಬೇಗ ಹೊರಟಿತು ಅಂತ ರೈಲು ಕಂಪನಿ ಕ್ಷಮೆ ಕೇಳಿತ್ತು. ಇದನ್ನು ಎಲ್ಲರೂ ಫಾರ್ವರ್ಡ್ ಮಾಡುತ್ತಾರೆ. ಜಪಾನಿಗಳ ರಕ್ತದಲ್ಲೇ ಗಡಿಯಾರ ಇದೆ ಅನ್ನುವ ಒಕ್ಕಣೆ ಬೇರೆ.

ಆದರೆ 1850ರ ದಶಕದ ಕೊನೆಯಲ್ಲಿ ಕಟೆಂಡೈಕೆ ಅನ್ನುವ ಡಚ್ ನೌಕಾಧಿಕಾರಿ ನಾಗಾಸಾಕಿಯಲ್ಲಿ ತರಬೇತಿ ಕೊಡಲು ಹೋಗಿದ್ದ. ಅವನ ಗೋಳು ಏನು ಗೊತ್ತಾ? ಜಪಾನಿಗಳಿಗೆ ಹೊತ್ತಿನ ಪರಿವೆಯೇ ಇಲ್ಲ. ಬೇಕಾದ ಸಾಮಾನು ಬೇಕಾದಾಗ ಬರುವುದಿಲ್ಲ. ಕೆಲಸಗಾರ ಒಮ್ಮೆ ಬಂದವನು ಮತ್ತೆ ಮುಖ ತೋರಿಸುವುದಿಲ್ಲ. ಇವತ್ತು ನಾವು ಬೇರೆ ಯಾವುದೋ ದೇಶದ ಬಗ್ಗೆ ಹೇಳುತ್ತೇವಲ್ಲ, ಅದೇ ದೂರು, ಹೆಚ್ಚುಕಡಿಮೆ ಅದೇ ಮಾತು.

ಅವರನ್ನೂ ಸುಮ್ನೆ ಬೈಯುವಂತಿಲ್ಲ. ಆಗಿನ ಜಪಾನಿನಲ್ಲಿ ಬೆಳಕು ಹರಿಯುವುದರಿಂದ ಕತ್ತಲಾಗುವವರೆಗೆ ಹಗಲನ್ನು ಆರು ಪಾಲು ಮಾಡುತ್ತಿದ್ದರು. ಬೇಸಿಗೆಯ ಪಾಲು ಉದ್ದ, ಚಳಿಗಾಲದ ಪಾಲು ಗಿಡ್ಡ. ಸೂರ್ಯನ ಜೊತೆ ಹಿಗ್ಗಿ ಕುಗ್ಗುವ ಗಂಟೆ ಅದು. ಅಂಥಲ್ಲಿ ನಿಮಿಷಕ್ಕೆ ಎಲ್ಲಿ ಜಾಗ? 1872ರಲ್ಲಿ ರೈಲು ಬಂತು, 1873ರಲ್ಲಿ ಹೊಸ ಕ್ಯಾಲೆಂಡರ್ ಬಂತು. ಕಾರ್ಖಾನೆ, ಶಾಲೆಗಳ ಗಂಟೆ ಬಂತು. ಇಷ್ಟೆಲ್ಲ ಆದ ಮೇಲೂ 1920ರಲ್ಲಿ ಜೂನ್ 10ನ್ನು 'ಸಮಯದ ದಿನ' ಅಂತ ಮಾಡಿ ಜನಕ್ಕೆ ಹೊತ್ತಿನ ಪಾಠ ಹೇಳಬೇಕಾಯಿತು. ರಕ್ತದಲ್ಲಿ ಇದ್ದಿದ್ದರೆ ಪಾಠ ಯಾಕೆ? ಇದು ಕಲಿತ ಚಾಳಿ. ಕಲಿಸಿದ್ದರಲ್ಲಿ ದೊಡ್ಡ ಪಾಲು ರೈಲಿನದು.

ಕಲಿಸೋಕೆ ಹೊರಟ ಎಲ್ಲರಿಗೂ ಅದು ದಕ್ಕುವುದಿಲ್ಲ ಅನ್ನುವುದೂ ನಿಜ. 2007ರ ಮಾರ್ಚ್ 1ರಂದು ಪೆರು ಸರ್ಕಾರ ಮಧ್ಯಾಹ್ನ 12ಕ್ಕೆ ಸೈರನ್ ಊದಿಸಿ, ಗಂಟೆ ಬಾರಿಸಿ, ದೇಶದ ಜನರೆಲ್ಲ ಗಡಿಯಾರ ಸರಿ ಮಾಡಿಕೊಳ್ಳಿ ಅಂತ ಅಭಿಯಾನ ಮಾಡಿತು. ಗಡಿಯಾರದ ಮುಳ್ಳು ಸರಿ ಮಾಡುವುದು ಸುಲಭ. ತಡವಾಗಿ ಬಂದರೂ ಏನೂ ನಷ್ಟವಿಲ್ಲ ಅಂತ ಗೊತ್ತಿರುವವನು ಯಾಕೆ ಬೇಗ ಬರುತ್ತಾನೆ?

ಒಮ್ಮೊಮ್ಮೆ ಇದು ಬರೀ ಮಾತಿನ ಅರ್ಥದ ಸಮಸ್ಯೆ. ಮೆಕ್ಸಿಕೋದವರು 'ಅಓರಿತಾ' ಅನ್ನುತ್ತಾರೆ. ಡಿಕ್ಷನರಿ ಪ್ರಕಾರ 'ಈಗಲೇ'. ಬಳಕೆಯಲ್ಲಿ ಅದು ಐದು ನಿಮಿಷವೂ ಆಗಬಹುದು, ಸಂಜೆಯೂ ಆಗಬಹುದು, ಯಾವತ್ತೂ ಆಗದೆಯೂ ಇರಬಹುದು. ಇದನ್ನು ಕೇಳಿ ನಗುವ ಮೊದಲು ಕನ್ನಡದ 'ಬಂದೆ ಬಂದೆ' ನೆನಪು ಮಾಡಿಕೊಳ್ಳಿ. ಇನ್ನೂ ಚಪ್ಪಲಿ ಹುಡುಕುತ್ತಿರುವವನು ಭೂತಕಾಲದಲ್ಲಿ ಹೇಳುವ ಮಾತು ಅದು. ಅದನ್ನು ಯಾರಾದರೂ ಅಕ್ಷರಶಃ ಅನುವಾದ ಮಾಡಿಕೊಂಡರೆ ನಮ್ಮ ಗತಿ ಏನು?

ಜರ್ಮನಿಯಲ್ಲೂ ಒಂದು ಮೋಜಿದೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ 'ಅಕಾಡೆಮಿಕ್ ಕಾಲುಗಂಟೆ' ಅನ್ನುವ ಹಳೇ ರೂಢಿ. ವೇಳಾಪಟ್ಟಿಯಲ್ಲಿ 10 ಗಂಟೆ ಅಂತ ಬರೆದು ಪಕ್ಕದಲ್ಲಿ 'ಸಿ.ಟಿ.' ಅಂತ ಇದ್ದರೆ ತರಗತಿ ಶುರುವಾಗುವುದು 10.15ಕ್ಕೆ. 'ಎಸ್.ಟಿ.' ಅಂತ ಇದ್ದರೆ ಹತ್ತು ಅಂದರೆ ಹತ್ತೇ. ತಡವನ್ನೂ ಮೊದಲೇ ಬರೆದಿಟ್ಟಿದ್ದಾರೆ ನೋಡಿ. ಎಲ್ಲರಿಗೂ ಗೊತ್ತಿರುವ ತಡ ತಡವೇ ಅಲ್ಲ.

ತಾಂಜಾನಿಯಾ, ಕೀನ್ಯಾ ಕಡೆ ಇನ್ನೂ ದೊಡ್ಡ ಮಜಾ. ಸ್ವಾಹಿಲಿಯಲ್ಲಿ ಗಂಟೆ ಎಣಿಸಲು ಶುರು ಮಾಡುವುದು ಬೆಳಗಿನಿಂದ. ನಾವು 7 ಗಂಟೆ ಅನ್ನುವುದು ಅವರಿಗೆ 'ಸಾ ಮೋಜ', ಅಂದರೆ 1 ಗಂಟೆ. ನಮ್ಮ 9 ಅವರ 3. ಇಥಿಯೋಪಿಯಾದಲ್ಲೂ ಹೀಗೇ. ಇಂಗ್ಲಿಷ್‌ನಲ್ಲಿ ಮಾತಾಡುವಾಗ ಬಹಳ ಜನ ಲೆಕ್ಕ ಬದಲಾಯಿಸಿಕೊಂಡೇ ಹೇಳುತ್ತಾರೆ, ಒಮ್ಮೊಮ್ಮೆ ಮರೆಯುತ್ತಾರೆ. ಆಗ ನೀವು ಮಧ್ಯಾಹ್ನ 3ಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ನಿಲ್ಲುತ್ತೀರಿ. ಅವರು ಬೆಳಿಗ್ಗೆಯಿಂದಲೇ ನಿಮ್ಮ ದಾರಿ ಕಾದು, ಇವರಿಗೆ ಶಿಸ್ತೇ ಇಲ್ಲ ಅಂದುಕೊಂಡು ಎದ್ದು ಹೋಗಿರುತ್ತಾರೆ.

(ಗಡಿಯಾರವನ್ನೇ ಒಂದು ಗಂಟೆ ತಳ್ಳುವ ದೇಶಗಳ ಕಥೆ ಬೇರೆ. ಅಮೆರಿಕ ಮಾರ್ಚ್ ಎರಡನೇ ಭಾನುವಾರ ತಳ್ಳುತ್ತದೆ, ಯುರೋಪ್ ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರದಲ್ಲಿ ಶಿಕಾಗೋ, ಬರ್ಲಿನ್ ಎರಡೂ ಇರುವ ಕಾಲ್ ಇಟ್ಟುಕೊಂಡರೆ ದೇವರೇ ಗತಿ. ನಾನು ಒಮ್ಮೆ ಇಟ್ಟಿದ್ದೆ. ಇಬ್ಬರೂ ಸರಿಯಾದ ಹೊತ್ತಿಗೇ ಬಂದರು, ಒಂದು ಗಂಟೆ ಅಂತರದಲ್ಲಿ.)

ಇಷ್ಟೆಲ್ಲ ಸಂಸ್ಕೃತಿ ಅಂದೆನಲ್ಲ, ಆದರೂ ನನಗಿರುವ ಅನುಮಾನ ಬೇರೆ. ತಡ ಅನ್ನುವುದನ್ನು ತೀರ್ಮಾನ ಮಾಡುವುದು ಅರ್ಧ ಸಂಸ್ಕೃತಿ, ಇನ್ನರ್ಧ ದುಡ್ಡು ಯಾರ ಕೈಲಿದೆ ಅನ್ನುವುದು. ಕೊಳ್ಳುವವನು ತಡವಾಗಿ ಬಂದರೆ ಬಿಜಿ ಮನುಷ್ಯ. ಮಾರುವವನು ತಡವಾಗಿ ಬಂದರೆ ಬೇಜವಾಬ್ದಾರಿ. ದೊಡ್ಡ ಕಂಪನಿಯ ಹಣ 71 ದಿನಕ್ಕೆ ಬಂದರೆ ಅದು 'ಪ್ರೊಸೆಸ್'. ನನ್ನ 4 ನಿಮಿಷ ನನ್ನ ಸ್ವಭಾವ. ಎಷ್ಟೋ ದೇಶಗಳವರು ತಮ್ಮ ಮೇಲಿನವರ ಮೀಟಿಂಗ್‌ಗೆ ಒಂದು ಸೆಕೆಂಡೂ ತಡ ಮಾಡುವುದಿಲ್ಲ. ನನ್ನ ದಕ್ಷಿಣ ಅಮೆರಿಕದ ಕ್ಲೈಂಟ್ ಕೂಡ ಒಮ್ಮೆ ಬ್ಯಾಂಕಿನವರು ಕಾಯುತ್ತಿದ್ದಾರೆ ಅಂತ ನಮ್ಮ ಕಾಲ್ ಅರ್ಧಕ್ಕೇ ಬಿಟ್ಟು ಓಡಿದ್ದರು. ಗಡಿಯಾರ ನೋಡೋಕೆ ಚೆನ್ನಾಗಿಯೇ ಬರುತ್ತಿತ್ತು ಅವರಿಗೆ.

ಈಗ ನಾನು ಮಾಡುವುದು ಇಷ್ಟೇ. ಮೊದಲ ಮೇಲ್‌ನಲ್ಲೇ ಕೇಳಿಬಿಡುತ್ತೇನೆ: ನಿಮ್ಮಲ್ಲಿ 10 ಅಂದರೆ ಎಷ್ಟು, ತಡವಾದರೆ ಎಷ್ಟು ಹೊತ್ತು ಕಾಯಬೇಕು, ಮುಗಿಯುವುದು ಎಷ್ಟಕ್ಕೆ. ಮೊದಮೊದಲು ಸಂಕೋಚ ಆಗುತ್ತಿತ್ತು. ಕೇಳಿದ್ದಕ್ಕೆ ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಒಬ್ಬರಂತೂ "ಹತ್ತಕ್ಕೆ ಅಂತ ಬರೆದಿರಿ, ಹತ್ತೂಕಾಲಕ್ಕೆ ಬನ್ನಿ, ನಾನು ಹತ್ತೂವರೆಗೆ ಬರುತ್ತೇನೆ" ಅಂದರು. ಇಷ್ಟು ಪ್ರಾಮಾಣಿಕ ಮನುಷ್ಯನಿಗೆ ಕಾಯುವುದು ಕಷ್ಟವೇ ಅಲ್ಲ. ಅದೇ ಮೇಲ್‌ನಲ್ಲಿ ದುಡ್ಡಿನ ದಿನಾಂಕವನ್ನೂ ಸೇರಿಸುತ್ತೇನೆ, ಗಂಟೆಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ.

ಹೋದ ವಾರ ಆ 71 ದಿನದ ಕಂಪನಿ ಮತ್ತೆ ಬರೆದಿತ್ತು. ಹೊಸ ಕೆಲಸ ಇದೆಯಂತೆ. ಅರ್ಧ ದುಡ್ಡು ಮುಂಗಡ ಬಂದ ಮೇಲೆ ಶುರು ಮಾಡುತ್ತೇನೆ ಅಂದೆ. 11 ನಿಮಿಷಕ್ಕೆ ಉತ್ತರ ಬಂತು, ಒಪ್ಪಿಗೆ, ಮಂಗಳವಾರ ಮಾತಾಡೋಣ ಅಂತ. ದುಡ್ಡು ಇನ್ನೂ ಪ್ರೊಸೆಸ್‌ನಲ್ಲಿದೆ. ಲ್ಯಾಪ್‌ಟಾಪ್ ಮಾತ್ರ ನಿನ್ನೆಯೇ ಅಪ್‌ಡೇಟ್ ಮಾಡಿಟ್ಟಿದ್ದೇನೆ.