ಹುಟ್ಟಿದಾಗ ಪಾಸಾದ ಕಿವಿಯನ್ನು ಶಾಲೆಗೆ ಮುಂಚೆ ಇನ್ನೊಮ್ಮೆ ನೋಡಿಸಿ

ಮೂರು ನಾಲ್ಕು ವರ್ಷದ ಮಗುವಿಗೆ ಕಿವಿ ಪರೀಕ್ಷೆ ಮಾಡಿಸಿ ಅಂದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. 'ಹುಟ್ಟಿದಾಗಲೇ ಆಗಿದೆ, ಎಲ್ಲ ಸರಿಯಿದೆ ಅಂದ್ರು.' ಇಲ್ಲವೇ, 'ಹಿಂದೆ ನಿಂತು ಚಪ್ಪಾಳೆ ತಟ್ಟಿದರೆ ತಿರುಗಿ ನೋಡುತ್ತೆ, ಸಾಕಲ್ವಾ?' ಸಾಲದು.

ಚಪ್ಪಾಳೆ ಜೋರು ಸದ್ದು. ಸ್ವಲ್ಪ ಮಟ್ಟಿಗೆ ಕಿವಿ ಮಂದವಾದ ಮಗುವೂ ತಿರುಗುತ್ತದೆ. ಒಂದೇ ಕಿವಿ ಕೇಳುವ ಮಗುವೂ ತಿರುಗುತ್ತದೆ. ಮಾತು ಹಾಗಲ್ಲ. ಅ, ಆ, ಓ ಗಟ್ಟಿಯಾಗಿ ಕೇಳಿಸುತ್ತವೆ. ಸ, ಶ ತೆಳುವಾದ, ಎತ್ತರದ ಸ್ವರದ ಸದ್ದುಗಳು. ಅವು ತಪ್ಪಿಹೋದರೆ ಯಾರೋ ಮಾತಾಡುತ್ತಿದ್ದಾರೆ ಅಂತ ಮಗುವಿಗೆ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ನಾವು ಅದಕ್ಕೆ ಹಟಮಾರಿ, ಗಮನ ಕೊಡಲ್ಲ ಅಂತ ಹೆಸರಿಡುತ್ತೇವೆ. ಕೇಳಿಸದ ಮಾತಿಗೆ ಮಗು ಬೈಸಿಕೊಳ್ಳುವುದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಹುಟ್ಟಿದಾಗ ಮಾಡುವ ಪರೀಕ್ಷೆ ಬೇಕೇ ಬೇಕು. 1000 ಶಿಶುಗಳಲ್ಲಿ 1ರಿಂದ 3 ಮಕ್ಕಳಿಗೆ ಆಗಲೇ ಶಾಶ್ವತ ತೊಂದರೆ ಇರುತ್ತದೆ. ಆದರೆ ವಂಶದಿಂದ ಬರುವ ಕೆಲವು ದೋಷಗಳು ತಡವಾಗಿ ಕಾಣಿಸುತ್ತವೆ. ಮೆದುಳುಜ್ವರ, ಮಂಗನಬಾವು ಬಂದ ಮೇಲೂ ಕಿವಿ ಹೋಗಬಹುದು. ಎಲ್ಲಕ್ಕಿಂತ ಜಾಸ್ತಿ ಕಾಣುವುದು ಕಿವಿತಮಟೆಯ ಹಿಂದೆ ನೀರು ನಿಲ್ಲುವುದು. ಶಾಲೆ ವಯಸ್ಸಿಗೆ ಬರುವಷ್ಟರಲ್ಲಿ 10ರಲ್ಲಿ ಸುಮಾರು 9 ಮಕ್ಕಳಿಗೆ ಇದು ಒಮ್ಮೆಯಾದರೂ ಆಗಿರುತ್ತದೆ. ಎಷ್ಟೋ ಸಲ ನೋವಿಲ್ಲ, ಜ್ವರವಿಲ್ಲ, ಕಿವಿ ಸೋರುವುದೂ ಇಲ್ಲ. ಮತ್ತೆ ಗೊತ್ತಾಗುವುದು ಹೇಗೆ? ಹೆಚ್ಚಿನವರಿಗೆ ಮೂರು ತಿಂಗಳೊಳಗೆ ತಾನಾಗೇ ಹೋಗುತ್ತದೆ. ಹೋಗದೆ ಉಳಿದ ಮಕ್ಕಳಿಗೆ ಮಾತು ಕಲಿಯುವ ಹೊತ್ತಿನಲ್ಲೇ ಕಿವಿ ಅರ್ಧ ಮುಚ್ಚಿದ ಹಾಗೆ.

ಪರೀಕ್ಷೆಗೆ ಹೆದರಬೇಕಿಲ್ಲ, ಸೂಜಿ ಚುಚ್ಚುವುದಿಲ್ಲ. ಹೆಡ್‌ಫೋನ್ ಹಾಕಿ, 'ಬೀಪ್ ಕೇಳಿದ ತಕ್ಷಣ ಬ್ಲಾಕ್ ಡಬ್ಬಿಗೆ ಹಾಕು' ಅಂತ ಆಟ ಕಲಿಸುತ್ತಾರೆ. ಸಾಮಾನ್ಯವಾಗಿ 1000, 2000, 4000 ಹರ್ಟ್ಜ್ ಸದ್ದುಗಳನ್ನು 20 ಡೆಸಿಬೆಲ್‌ನಲ್ಲಿ ಒಂದೊಂದು ಕಿವಿಗೂ ಬೇರೆಯಾಗಿ ಕೇಳಿಸುತ್ತಾರೆ. ಆಟಕ್ಕೆ ಬಗ್ಗದ ಮಗುವಿಗೆ ಓಎಇ ಅನ್ನುವ ಇನ್ನೊಂದು ಪರೀಕ್ಷೆ ಇದೆ. ಕಿವಿಯಲ್ಲಿ ಚಿಕ್ಕ ಬಿರಡೆ ಇಟ್ಟು ಒಳಕಿವಿಯಿಂದ ವಾಪಸ್ ಬರುವ ಸದ್ದನ್ನು ಯಂತ್ರವೇ ಅಳೆಯುತ್ತದೆ. ಮಗು ಸುಮ್ನೆ ಕೂತರೆ ಸಾಕು.

ಲಸಿಕೆ ಕಾರ್ಡ್ ಕೇಳುವ ಹಾಗೆ ನರ್ಸರಿಗಳು ಕಿವಿ ಪರೀಕ್ಷೆಯ ವರದಿಯನ್ನೂ ಕೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸೀಟು ಕೊಡದಿರಲು ಖಂಡಿತ ಅಲ್ಲ. ಮಗುವನ್ನು ಎಲ್ಲಿ ಕೂರಿಸಬೇಕು, ಹೇಗೆ ಮಾತಾಡಿಸಬೇಕು ಅಂತ ಟೀಚರ್‌ಗೆ ತಿಳಿಯಲಿ ಅಂತ.

ಪಾಸಾಗಲಿಲ್ಲ ಅಂದರೆ ಕಿವುಡು ಅಂತಲ್ಲ. ನೆಗಡಿ ಇತ್ತೋ, ಗುಗ್ಗೆ ತುಂಬಿತ್ತೋ, ಕೋಣೆಯಲ್ಲಿ ಗದ್ದಲವಿತ್ತೋ. ಆದರೆ ಮರುಪರೀಕ್ಷೆ ತಪ್ಪಿಸಬೇಡಿ. ಮೊದಲ ಚೀಟಿ ಕಪಾಟಿನಲ್ಲೇ ಉಳಿದರೆ ಪರೀಕ್ಷೆ ಮಾಡಿಸಿಯೂ ಪ್ರಯೋಜನವಿಲ್ಲ. ಪಾಸಾದ ಮೇಲೂ ನಿಮಗೆ ಅನುಮಾನ ಉಳಿದಿದ್ದರೆ, 'ಕೆಲವು ಮಕ್ಕಳು ತಡವಾಗಿ ಮಾತಾಡ್ತಾರೆ ಬಿಡಿ' ಅನ್ನುವ ಸಮಾಧಾನಕ್ಕೆ ಸುಮ್ಮನಾಗದೆ ಆಡಿಯಾಲಜಿಸ್ಟ್ (ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸುವ ತಜ್ಞರು) ಹತ್ತಿರ ಪೂರ್ತಿ ಪರೀಕ್ಷೆ ಕೇಳಿ. ವರದಿಯಲ್ಲಿ ಎರಡು ಕಿವಿಗೂ ಬೇರೆ ಬೇರೆ ಬರೆದಿದ್ದಾರಾ ಅಂತ ಅಲ್ಲೇ ನೋಡಿಕೊಳ್ಳಿ.